‘ಅಪ್ಪ’ ಎಂಬುದು ‘ಅಮ್ಮ’ ಎಂದು ಕೇಳಿಸಿದಾಗ

ಜಾತ್ರೆಗೆ ಹೋದಾಗ ನಾವು ಪರಿಚಿತರ ಮನೆಯೊಂದರಲ್ಲಿ ತಂಗಿದ್ದೆವು. ಐದು ವರ್ಷದ ಬಾಲಕನು ತಂದೆಯನ್ನು ಕೂಗುತ್ತ ಓಡಿಬಂದನು. ನಮ್ಮ ಕಿವಿಗೆ ಬಿದ್ದುದು ‘ಅಮ್ಮ’ ಎಂಬ ಧ್ವನಿ! ಸೀಳಿದ್ದ ಅಂಗುಳವನ್ನು ಎಳವೆಯಲ್ಲಿಯೇ ಹೊಲಿಸಿದ್ದರೂ ಮಾತು ಮೂಗಿನಲ್ಲಿಯೇ ಉಳಿದಿತ್ತು. ಶಾಲೆಯಲ್ಲಿ ಮಗನನ್ನು ದಡ್ಡನೆಂದು ಹಿಂದಿನ ಸಾಲಿನಲ್ಲಿ ಕೂರಿಸಿದ್ದಾರೆಂದು ತಾಯಿ ಕಣ್ಣೀರಿಟ್ಟರು. ಬಸುರಿಯಾಗಿದ್ದಾಗ ಸೊಸೆ ಗ್ರಹಣ ಕಂಡದ್ದೇ ಕಾರಣವೆಂದು ಅಜ್ಜಿಯ ವಾದ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಗರ್ಭದ ಮೊದಲ ಮೂರು ತಿಂಗಳಲ್ಲಿ ಕೂಡಬೇಕಾದ ಅಂಗುಳದ ಎರಡು ಭಾಗಗಳು ಕೂಡದೆ ಉಳಿದರೆ ಸೀಳಾಗುತ್ತದೆ. ಆ ತಾಯಿಯ ತಪ್ಪು ಏನೂ ಇಲ್ಲ.

ಮಾತನಾಡುವಾಗ ಅಂಗುಳದ ಹಿಂಬದಿಯ ಮೃದುಭಾಗವು ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚಬೇಕು. ಆಗ ಬಾಯಿಯಲ್ಲಿ ಗಾಳಿಯ ಒತ್ತಡವುಂಟಾಗಿ ಪ, ಬ, ಕ, ಸ ಮೊದಲಾದವು ಸ್ಪಷ್ಟವಾಗಿ ಹೊರಡುತ್ತವೆ. ಮ, ನಗಳಿಗೆ ಮಾತ್ರ ಮೂಗಿನ ದಾರಿ ತೆರೆದಿರಬೇಕು. ಮೃದುಭಾಗವು ಗಿಡ್ಡವಾಗಿದ್ದರೆ ‘ಬ’ಕಾರವು ‘ಮ’ಕಾರದಂತಾಗುತ್ತದೆ. ಬಾಯಲ್ಲಿ ಗಾಳಿ ನಿಲ್ಲದ ಕಾರಣ ಕೆಲವು ಮಕ್ಕಳು ‘ಕ’, ‘ಪ’ಗಳನ್ನು ಗಂಟಲಿನಲ್ಲಿಯೇ ತಡೆದು ನುಡಿಯಲು ಕಲಿಯುತ್ತಾರೆ.

ವಾಕ್ ತಜ್ಞರು ಮಗುವಿನ ಮೂಗಿನ ಕೆಳಗೆ ಪುಟ್ಟ ಕನ್ನಡಿ ಹಿಡಿದು ‘ಪಾಪ’, ‘ಕಾಕಾ’ ಎಂದು ಹೇಳಿಸುತ್ತಾರೆ. ಕನ್ನಡಿ ಮಸುಕಾದರೆ ಗಾಳಿ ಮೂಗಿನಿಂದ ಸೋರುತ್ತಿದೆಯೆಂದರ್ಥ. ಅಗತ್ಯವೆನಿಸಿದರೆ ತೆಳುವಾದ ದರ್ಶಕ ನಳಿಕೆಯನ್ನು ಮೂಗಿನೊಳಗೆ ಇಳಿಸಿ ಮೃದುಭಾಗದ ಚಲನೆಯನ್ನು ನೋಡುತ್ತಾರೆ. ಇಂಥ ಮಕ್ಕಳ ನಡುಕಿವಿಯಲ್ಲಿ ನೀರು ತುಂಬಿ ಕೇಳಿಸುವುದು ಮಂದವಾಗುವುದುಂಟು. ಆದುದರಿಂದ ಶ್ರವಣ ಪರೀಕ್ಷೆಯೂ ಆಗಲೇಬೇಕು.

ಈ ಪರೀಕ್ಷೆಗಳನ್ನು ಮಾಡಿಸದೆ ಚಿಕಿತ್ಸೆಗೆ ತೊಡಗಬಾರದು. ಗಂಟಲಿನಲ್ಲಿ ನುಡಿಯುವುದು ಕಲಿತ ರೂಢಿ. ತಜ್ಞರ ಬಳಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿದರೆ ಅದನ್ನು ತಿದ್ದಬಹುದು. ಗಿಡ್ಡವಾದ ಅಂಗುಳವನ್ನಾದರೋ ಯಾವ ಅಭ್ಯಾಸವೂ ಉದ್ದ ಮಾಡಲಾರದು. ಅದಕ್ಕೆ ಎರಡನೆಯ ಶಸ್ತ್ರಚಿಕಿತ್ಸೆ ಬೇಕು, ಇಲ್ಲವೆ ಬಾಯೊಳಗೆ ತೊಡಿಸುವ ಸಾಧನ.

ಆ ಮನೆಯ ಯಜಮಾನರು ಮಗನ ಮಾತು ತಿದ್ದಲೆಂದು ಜಾತ್ರೆಯಲ್ಲಿ ಮೂರು ಪೀಪಿ ಕೊಂಡಿದ್ದರು! ಊದಿಸಿದರೆ ಅಂಗುಳ ಬಲಗೊಳ್ಳುವುದೆಂಬ ನಂಬಿಕೆ ಹಿಂದೆ ಚಿಕಿತ್ಸಕರಲ್ಲಿಯೂ ಇತ್ತು. ಆದರೆ ಊದುವಾಗ ಮೃದುಭಾಗ ಏಳುವ ಬಗೆ ಬೇರೆ, ಮಾತಿನಲ್ಲಿ ಏಳುವ ಬಗೆ ಬೇರೆ. ಪೀಪಿ ಆಟಕ್ಕಿರಲಿ ಎಂದೆವು.

ಅಂಗುಳದ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಮಗುವಿಗೆ 9ರಿಂದ 18 ತಿಂಗಳಾಗುವಾಗ ಮಾಡುತ್ತಾರೆ. ಮಾತಿನ ತಪಾಸಣೆ ಅಂದಿನಿಂದಲೇ ಆರಂಭವಾಗಬೇಕು; ಹೊಲಿಗೆಯೊಡನೆ ಎಲ್ಲ ಮುಗಿಯಿತೆಂದು ಹಿರಿಯರು ನೆಮ್ಮದಿಯಿಂದ ಕೂತುಬಿಡುವುದರಿಂದಲೇ ವರ್ಷಗಳು ಕಳೆದುಹೋಗುತ್ತವೆ. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಈ ಪರೀಕ್ಷೆ, ಚಿಕಿತ್ಸೆಗಳಿಗೆ ಏರ್ಪಾಡಿದೆ. ಹಳೆಯ ಆಸ್ಪತ್ರೆಯ ಕಾಗದಗಳನ್ನು ಹುಡುಕಿ ತೆಗೆದಿಡುವಂತೆ ನಾವು ಹೇಳಿದೆವು. ಅಜ್ಜಿಯೇ ಎದ್ದುಹೋಗಿ ಪೆಟ್ಟಿಗೆಯ ಬೀಗ ತೆರೆದರು.