ಜಯಂತಿಯ ರಜೆ ಯಾರ ಪಾಲಿಗೆ?

ಜೂನ್ 27ರ ಕೆಂಪೇಗೌಡ ಜಯಂತಿಯನ್ನು ಸರ್ಕಾರ ಆಚರಿಸುತ್ತದೆ, ಸಾರ್ವತ್ರಿಕ ರಜೆ ಕೊಡುವುದಿಲ್ಲ. ಕೊಟ್ಟರೆ ಕೆಂಪೇಗೌಡರ ನಂಟಿನ ಮಾಗಡಿಯಲ್ಲಿ ಬೇಡವೆನ್ನುವವರು ಸಿಗುವುದು ಕಷ್ಟ. ಆದರೆ ಆ ರಜೆ ಯಾರಿಗೆ ದಕ್ಕೀತು?

ರಾಜ್ಯದ 1963ರ ಕಾಯ್ದೆಯಂತೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಕೈಗಾರಿಕಾ ನೌಕರರಿಗೆ ವೇತನ ಸಹಿತ ರಜೆ. ಕೆಲವು ಹಬ್ಬಗಳೂ ಸೇರುತ್ತವೆ. ಆ ದಿನ ದುಡಿಸಿದರೆ ಎರಡರಷ್ಟು ವೇತನ, ಇಲ್ಲವೇ ಬದಲಿ ರಜೆ. ಬಿಡದಿ, ಹಾರೋಹಳ್ಳಿಯ ದೊಡ್ಡ ಕಾರ್ಖಾನೆಗಳ ಕಾಯಂ ನೌಕರರಿಗೆ ಇದೆಲ್ಲ ಗೊತ್ತಿದ್ದದ್ದೇ.

ರಾಮನಗರದ ರೇಷ್ಮೆ ರೀಲಿಂಗ್ ಘಟಕಗಳ ಲೆಕ್ಕ ಬೇರೆ. ಚಿಟ್ಟೆ ಹೊರಬಂದರೆ ಗೂಡು ಕೆಟ್ಟಿತು. ಹಾಗಾಗಿ ಕೆಲಸ ಕ್ಯಾಲೆಂಡರ್ ನೋಡುವುದಿಲ್ಲ. ಬಿಸಿನೀರಿನಲ್ಲಿ ಕೈಯಾಡಿಸುವ ಹೆಂಗಸಿಗೆ ರಜೆಯೆಂದರೆ ಕೂಲಿಯಿಲ್ಲದ ದಿನ. ಚನ್ನಪಟ್ಟಣದಲ್ಲಿ ಎಣಿಕೆಯ ಮೇಲೆ ಗೊಂಬೆ ಕಡೆಯುವವರ ಪಾಡೂ ಅದೇ.

ದಾರಿಯೇ ಇಲ್ಲವೆಂದಲ್ಲ. ಮತದಾನದ ದಿನ ದಿನಗೂಲಿಯವರಿಗೂ ಸಂಬಳದ ರಜೆ ಕೊಡಬೇಕೆನ್ನುತ್ತದೆ ಜನಪ್ರಾತಿನಿಧ್ಯ ಕಾಯ್ದೆಯ 135ಬಿ ಕಲಂ. 2024ರ ನವೆಂಬರ್ 13ರ ಚನ್ನಪಟ್ಟಣ ಉಪಚುನಾವಣೆಗೂ ಅದು ಅನ್ವಯಿಸಿತ್ತು. ತಪ್ಪಿದ ಮಾಲೀಕನಿಗೆ ದಂಡ ಮಾತ್ರ ಗರಿಷ್ಠ ₹500!

ಹೊಸ ರಜೆ ಬರಲಿ. ಆದರೆ ದಿನಗೂಲಿಯವರನ್ನು ಹೆಸರಿಸಿ, ದಂಡ ಹೆಚ್ಚಿಸಿ, ಕಾರ್ಮಿಕ ನಿರೀಕ್ಷಕರನ್ನು ರೀಲಿಂಗ್ ಘಟಕಗಳಿಗೂ ಕಳಿಸಿ ಸರ್ಕಾರ ಅದನ್ನು ತರಬೇಕು.