ಬಾಟ್ಲಿ ಏರಿಸಿದ್ರೆ ಮುಗೀತಾ ಸ್ವಾಮಿ?

ಡೊಂಬಿವಲಿಗೆ ಬಂದು ಮೂವತ್ತು ವರ್ಷವಾಯ್ತು, ಊರಿನ ಒಂದು ಚಾಳಿ ಮಾತ್ರ ನಮ್ಮನ್ನು ಬಿಟ್ಟಿಲ್ಲ. ಮಗು ಜ್ವರದಲ್ಲಿ ಸೊರಗಿತೋ, "ಒಂದು ಬಾಟ್ಲಿ ಏರಿಸಿಬಿಡಿ ಡಾಕ್ಟ್ರೇ!" ಏರಿಸದವರು ನಮ್ಮ ಲೆಕ್ಕದಲ್ಲಿ ಡಾಕ್ಟರೇ ಅಲ್ಲ.

ಸೋಂಕಿಗೆ ಮೈ ತಿರುಗಿಬಿದ್ದು ಅಂಗಾಂಗ ಕೆಡುವುದೇ ಸೆಪ್ಸಿಸ್. ಆಗ ಸಣ್ಣ ರಕ್ತನಾಳಗಳು ಸೋರುತ್ತವೆ, ಶ್ವಾಸಕೋಶದಲ್ಲಿ ನೀರು ತುಂಬುತ್ತೆ. ನ್ಯುಮೋನಿಯಾದಿಂದ ಶುರುವಾಗಿದ್ದರೆ, ಮಗು ಶಾಕ್‌ಗೆ ಹೋಗಿದ್ದರೆ, ರೋಗನಿರೋಧಕ ಶಕ್ತಿ ಕುಂದಿದ್ದರೆ ಅಪಾಯ ಹೆಚ್ಚು. ಅಳತೆ ಮೀರಿದ ಸಲೈನ್ ಅದನ್ನು ಇನ್ನೂ ಹೆಚ್ಚಿಸುತ್ತೆ.

2011ರಲ್ಲಿ ಪ್ರಕಟವಾದ ಫೀಸ್ಟ್ ಅಧ್ಯಯನ ನೋಡಿ. ಉಗಾಂಡಾ, ಕೀನ್ಯಾ, ಟಾಂಜಾನಿಯಾದ ಮಕ್ಕಳು. ಒಮ್ಮೆಗೇ ಸಲೈನ್ ಹರಿಸಿದವರಲ್ಲಿ 48 ಗಂಟೆಯೊಳಗೆ ಸತ್ತವರು ನೂರಕ್ಕೆ 10.5, ಹಾಗೆ ಹರಿಸದವರಲ್ಲಿ 7.3! ಎಲ್ಲವೂ ಶ್ವಾಸಕೋಶದ ಸಾವಲ್ಲ, ನಿಜ. ಐಸಿಯು ಇದ್ದಲ್ಲಿ ಶಾಕ್‌ಗೆ ಸಲೈನ್ ಬೇಕು ಅನ್ನೋದೂ ನಿಜ. ಆದರೆ ಅದು ಔಷಧ ಕಣ್ರೀ, ತೀರ್ಥವಲ್ಲ. ಪ್ರಮಾಣ ಹೇಳಬೇಕಾದವರು ಡಾಕ್ಟರು, ನಾವಲ್ಲ.

ಬಾಟ್ಲಿ ಕೇಳೋ ಬದಲು ಅಂಗಿ ಎತ್ತಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 2 ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40 ಮುಟ್ಟಿದರೆ, ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ತಕ್ಷಣ ಆಸ್ಪತ್ರೆಗೆ ಓಡಿ. ಸೆಪ್ಸಿಸ್ ಶಾಕ್ ಆಗಿದ್ದರೆ ಆಂಟಿಬಯೋಟಿಕ್ ಒಂದು ಗಂಟೆಯೊಳಗೆ ಬೀಳಬೇಕು.

ನಾವು ಬಾಟ್ಲಿಗೆ ಜಗಳ ಆಡುತ್ತಾ ಕಳೆಯೋದು ಅದೇ ಗಂಟೆಯನ್ನಲ್ಲವೇ?