ಅಮ್ಮನ ಹಸೆಹಾಡಿಗೆ ಮೆಟ್ರೊನೋಮ್ ಯಾಕೆ?

"ಮೇಡಂ, ಮ್ಯೂಸಿಕ್ ಮಾಡೋಕೆ ಯಾವ ಸಾಫ್ಟ್‌ವೇರ್ ತಗೊಳ್ಲಿ? ಎಫ್‌ಎಲ್ ಸ್ಟುಡಿಯೋನಾ, ಏಬಲ್‌ಟನ್ನಾ?"

ಹೋದ ಸಲ ಮನೆಯಲ್ಲೇ ಹಾಡು ರೆಕಾರ್ಡ್ ಮಾಡಿದ್ದರ ಬಗ್ಗೆ ಎರಡು ಸಾಲು ಬರೆದಿದ್ದೇ ತಪ್ಪಾಯ್ತು ನೋಡಿ, ಇನ್‌ಬಾಕ್ಸ್ ತುಂಬ ಇದೇ ಪ್ರಶ್ನೆ. ನಾನು ಸಂಗೀತಗಾರ್ತಿ ಅಲ್ಲ, ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ ಸಂಬಳ ಎಣಿಸೋಳು. ಆದರೆ ಇದೇ ಪ್ರಶ್ನೆ ಹಿಡ್ಕೊಂಡು ಮೂರು ವಾರ ಹಾಳು ಮಾಡಿದ ಅನುಭವ ನನಗಿದೆ. ಅದನ್ನೇ ಹೇಳ್ತೀನಿ, ನಿಮಗೆ ಬೇಕಾದ್ದು ತಗೊಳ್ಳಿ.

ಅಮ್ಮನಿಗೆ ಥೈರಾಯ್ಡ್ ಗಡ್ಡೆ. ಆಪರೇಷನ್‌ಗೆ ದಿನ ಗೊತ್ತಾದಾಗ ಇನ್ನೂ 26 ದಿನ ಇತ್ತು. ಧ್ವನಿ ತಂತುಗಳನ್ನು ಆಡಿಸುವ ನರ ಆ ಗ್ರಂಥಿಗೆ ಅಂಟಿಕೊಂಡ ಹಾಗೇ ಹಾದು ಹೋಗುತ್ತದಂತೆ. "ಮಾತಿಗೆ ಏನೂ ಆಗಲಿಕ್ಕಿಲ್ಲ, ಆದರೆ ಮೇಲಿನ ಸ್ವರ ಸ್ವಲ್ಪ ದಿನ ಸಿಗದೇ ಇರಬಹುದು. ಹಾಡ್ತೀರಾ ನೀವು?" ಅಂತ ಡಾಕ್ಟರ್ ಕೇಳಿದರು. ಅಮ್ಮ ನಾಚಿಕೊಂಡು "ಅಯ್ಯೋ, ಹಾಡೇನಿಲ್ಲ ಸಾರ್" ಅಂದುಬಿಟ್ಟಳು. ನಮ್ಮ ಹಾಸನದ ಕಡೆ ನೆಂಟರಿಷ್ಟರ ಯಾವ ಮದುವೆಯಾದರೂ ಹಸೆಗೆ ಕರೆಯೋ ಹಾಡು, ಆರತಿ ಹಾಡು ಅಂದರೆ ಮೊದಲು ಹುಡುಕೋದು ಅಮ್ಮನನ್ನೇ. ಮಾಘದಲ್ಲಿ ನನ್ನ ತಮ್ಮನದೇ ಮದುವೆ ಬೇರೆ.

ಬಸ್ಸಲ್ಲಿ ಬರ್ತಾನೇ ತೀರ್ಮಾನ ಮಾಡಿದೆ, ಆಪರೇಷನ್‌ಗೆ ಮುಂಚೆ ಎಲ್ಲ ಹಾಡೂ ರೆಕಾರ್ಡ್ ಆಗಬೇಕು. ಫೋನಲ್ಲೇ ಮಾಡಬಹುದಿತ್ತಲ್ವಾ ಅಂತೀರಿ. ಮಾಡಿದ್ದೆ. ಒಂದಕ್ಕೆ ನಡುವೆ ಕಾಲ್ ಬಂದು ಹಾಡು ತುಂಡಾಯ್ತು. ಇನ್ನೊಂದನ್ನ ಅಮ್ಮ ವಾಟ್ಸಾಪ್ ವಾಯ್ಸ್ ಮೆಸೇಜಲ್ಲಿ ಹಾಡಿ ಕಳಿಸಿದಳು. ಅದು ದನಿಯನ್ನ ಎಷ್ಟು ಹಿಂಡಿ ಕಳಿಸುತ್ತೆ ಅಂದ್ರೆ, ಬಾವಿಯೊಳಗೆ ಕೂತು ಹಾಡಿದ ಹಾಗಿತ್ತು.

ಸರಿ, ಸಾಫ್ಟ್‌ವೇರ್ ಹುಡುಕಾಟ ಶುರು. ಇವಕ್ಕೆ 'ಡಾ' ಅಂತಾರೆ, ಡಿಜಿಟಲ್ ಆಡಿಯೋ ವರ್ಕ್‌ಸ್ಟೇಷನ್. ಟೆಸ್ಟರ್ ಬುದ್ಧಿ ಎಲ್ಲಿ ಹೋಗುತ್ತೆ, ಎಕ್ಸೆಲ್ ಶೀಟ್ ತೆಗೆದೆ. ಹನ್ನೊಂದು ಕಾಲಮ್ಮು. ರಾತ್ರಿ ಒಂದು ಗಂಟೆವರೆಗೆ ಯೂಟ್ಯೂಬು. ಒಬ್ಬ ಇದೇ ಬೆಸ್ಟ್ ಅಂತಾನೆ, ಮುಂದಿನ ವಿಡಿಯೋದಲ್ಲಿ ಇನ್ನೊಬ್ಬ ಅದನ್ನೇ ಯಾಕೆ ಬಿಟ್ಟೆ ಅಂತಾನೆ. ಒಂದು ಇಡೀ ಸಂಜೆ ಯಾವುದರ 'ಸೌಂಡ್' ಚೆನ್ನಾಗಿದೆ ಅನ್ನೋ ಜಗಳ ನೋಡಿದೆ. ಆಮೇಲೆ ಒಂದೇ ಫೈಲನ್ನ ಎರಡರಲ್ಲೂ ಹಾಕಿ, ಏನೂ ಮುಟ್ಟದೆ ಹಾಗೇ ಹೊರತೆಗೆದು ಕೇಳಿದರೆ ನನ್ನ ಕಿವಿಗೆ ಯಾವ ವ್ಯತ್ಯಾಸವೂ ಇಲ್ಲ. ಆ ಕಾಲಮ್ ಅಳಿಸಿದೆ.

ಎಫ್‌ಎಲ್ ಸ್ಟುಡಿಯೋ ಬೆಲ್ಜಿಯಂ ಕಂಪನಿಯದು, ಮೊದಲು ಫ್ರೂಟಿಲೂಪ್ಸ್ ಅನ್ನೋ ಹೆಸರಿತ್ತು. ಬೀಟ್ ಕಟ್ಟೋಕೆ ಅದರಷ್ಟು ಸಲೀಸು ಇನ್ನೊಂದು ನನಗೆ ಸಿಗಲಿಲ್ಲ. ಚೌಕದ ಮೇಲೆ ಒತ್ತಿದರೆ ಡ್ರಮ್ಮು, ಹತ್ತೇ ನಿಮಿಷಕ್ಕೆ ತಲೆ ಆಡಿಸೋ ಹಾಗೆ ಏನೋ ಒಂದು ಆಗಿರುತ್ತೆ. ಒಂದು ಸಲ ದುಡ್ಡು ಕೊಟ್ಟರೆ ಮುಂದಿನ ಅಪ್‌ಡೇಟ್ ಎಲ್ಲ ಪುಕ್ಕಟೆ, ಇದು ದೊಡ್ಡ ಮಾತು. ಆದರೆ ಎರಡು ಕಡೆ ಎಡವಿದೆ. ಕಡಿಮೆ ಬೆಲೆಯ ಫ್ರೂಟಿ ಎಡಿಷನ್‌ನಲ್ಲಿ ದನಿ ರೆಕಾರ್ಡ್ ಮಾಡೋ ಸೌಲಭ್ಯವೇ ಇರಲಿಲ್ಲ, ಅದಕ್ಕೆ ಪ್ರೊಡ್ಯೂಸರ್ ಎಡಿಷನ್ನೇ ಆಗಬೇಕಿತ್ತು. ಟ್ರಯಲ್‌ನಲ್ಲಿ ಪ್ರಾಜೆಕ್ಟ್ ಸೇವ್ ಆಗುತ್ತೆ, ಆದರೆ ಕೊಳ್ಳೋವರೆಗೂ ಮತ್ತೆ ತೆರೆಯೋಕಾಗಲ್ಲ. ಬೀಗ ಹಾಕಿ ಕೀಲಿ ಅಂಗಡಿಯವನ ಹತ್ತಿರ ಬಿಟ್ಟ ಹಾಗೆ.

ಏಬಲ್‌ಟನ್ ಲೈವ್ ಬರ್ಲಿನ್‌ನದು. ಹೆಸರೇ ಹೇಳೋ ಹಾಗೆ ವೇದಿಕೆ ಮೇಲೆ ನುಡಿಸೋರಿಗೆ ಹೇಳಿ ಮಾಡಿಸಿದ್ದು. ತುಣುಕು ತುಣುಕು ಮಾಡಿಟ್ಟು, ಬೇಕಾದಾಗ ಬೇಕಾದ್ದು ಒತ್ತಬಹುದು. ಸೂಟ್ ಎಡಿಷನ್ ಬೆಲೆ ನೋಡಿ ಲ್ಯಾಪ್‌ಟಾಪ್ ಮುಚ್ಚಿದೆ. ಲಾಜಿಕ್ ಪ್ರೋ ಬಗ್ಗೆ ಒಳ್ಳೇ ಮಾತೇ ಕೇಳಿದ್ದೀನಿ, ಆದರೆ ಮ್ಯಾಕೋ ಐಪ್ಯಾಡೋ ಬೇಕು, ನನ್ನದು 8 ಜಿಬಿಯ ವಿಂಡೋಸ್. ನಿಮ್ಮ ಹತ್ತಿರ ಮ್ಯಾಕೋ ಐಫೋನೋ ಇದ್ದರೆ ಗ್ಯಾರೇಜ್‌ಬ್ಯಾಂಡ್ ಪುಕ್ಕಟೆ ಸಿಗುತ್ತೆ. ಅದನ್ನ ಮುಟ್ಟಿಯೂ ನೋಡದೆ ನನಗೆ ಮೆಸೇಜ್ ಮಾಡಬೇಡಿ.

ಈ ಮಧ್ಯೆ ಆಫೀಸಿನ ಹುಡುಗನೊಬ್ಬ ಪೆನ್‌ಡ್ರೈವಲ್ಲಿ ಕ್ರ್ಯಾಕ್ ವರ್ಷನ್ ತಂದುಕೊಟ್ಟ. "ಎಲ್ಲರೂ ಇದನ್ನೇ ಹಾಕ್ಕೊಳ್ಳೋದು ಅಕ್ಕ." ಹಾಕಲಿಲ್ಲ. ನಾನೇನು ಹರಿಶ್ಚಂದ್ರನ ಮೊಮ್ಮಗಳಲ್ಲ, ಆಂಟಿವೈರಸ್ ಆಫ್ ಮಾಡಿ ಅಂತ ಅದರ ಮೊದಲ ಸಾಲಲ್ಲೇ ಬರೆದಿತ್ತು. ಅಮ್ಮನ ದನಿ ಇರೋ ಲ್ಯಾಪ್‌ಟಾಪಲ್ಲಿ ಅದು ಬೇಡ ಅನ್ನಿಸ್ತು.

ಅಷ್ಟರಲ್ಲಿ ತಮ್ಮ ಫೋನ್ ಮಾಡಿದ. "ಅಕ್ಕಾ, ಅಮ್ಮಂಗೆ ನಾಡಿದ್ದಿಂದ ಟೆಸ್ಟುಗಳು ಶುರು. ನೀನು ಯಾವಾಗ ಬರ್ತೀಯ?" ಕ್ಯಾಲೆಂಡರ್ ನೋಡಿದೆ. 26ರಲ್ಲಿ ಉಳಿದಿದ್ದು 5 ದಿನ. ಎಕ್ಸೆಲ್ ಶೀಟಲ್ಲಿ ಹತ್ತು ಕಾಲಮ್ ತುಂಬಿತ್ತು, ಒಂದೇ ಒಂದು ಹಾಡೂ ರೆಕಾರ್ಡ್ ಆಗಿರಲಿಲ್ಲ.

ಅವತ್ತು ರಾತ್ರಿ ರೀಪರ್ ಇಳಿಸಿಕೊಂಡೆ. ಕಾರಣ ಬಹಳ ಸಣ್ಣದು. ಫೈಲು ಚಿಕ್ಕದು, ಬೇಗ ಇಳೀತು, 60 ದಿನ ಯಾವ ಕತ್ತರಿಯೂ ಇಲ್ಲದೆ ಪೂರ್ತಿ ಬಳಸಬಹುದು. ಹಿಂದೆ ನಾವೆಲ್ಲ ಹಾಡು ಕೇಳ್ತಿದ್ದ ವಿನ್‌ಆಂಪ್ ಮಾಡಿದ ಜಸ್ಟಿನ್ ಫ್ರಾಂಕೆಲ್ ಅವರೇ ಇದರ ಹಿಂದೆ ಇರೋದು. ನೋಡೋಕೆ ಅಂಥ ಚೆಂದ ಏನಿಲ್ಲ, ಹಳೇ ಟ್ಯಾಲಿ ಪರದೆ ಥರ. ಒಳಗೆ ಡ್ರಮ್ಮು, ಪಿಯಾನೋ ದನಿಗಳ ಭಂಡಾರವೂ ಇಲ್ಲ. ಬೀಟ್ ಮಾಡೋರಿಗೆ ನಿರಾಸೆ ಆಗುತ್ತೆ, ಮೊದಲೇ ಹೇಳಿಬಿಡ್ತೀನಿ. ನನಗೆ ಬೇಕಿದ್ದಿದ್ದು ಒಂದು ಮೈಕು, ಒಂದು ದನಿ.

ಮನೇಲಿ ಅಕ್ಕಿ ಮೂಟೆ, ಕಂಬಳಿ ಇಡೋ ಕೋಣೆ ಆರಿಸಿಕೊಂಡೆವು. ಮೂಟೆಗಳು ದನಿ ಗುಂಯ್‌ಗುಡದ ಹಾಗೆ ತಡೆಯುತ್ವೆ. ಹೆಡ್‌ಫೋನ್ ಹಾಕಿಸಿ, ಮೆಟ್ರೊನೋಮ್ ಹಾಕಿ ಶುರು ಮಾಡಿ ಅಂದೆ. ಅಮ್ಮ ಒಂದು ಸಾಲು ಹಾಡಿ ನಿಲ್ಲಿಸಿದಳು.

"ನನ್ನ ಹಿಂದೆ ಇನ್ನೊಬ್ಬಳು ಹಾಡ್ತಿದಾಳಲ್ಲೇ!"

ಅದು ಲೇಟೆನ್ಸಿ. ಬಫರ್ 1024 ಇತ್ತು, 44,100ರ ಸ್ಯಾಂಪಲ್ ರೇಟಿಗೆ ಅಷ್ಟೇ ಸುಮಾರು 23 ಮಿಲಿಸೆಕೆಂಡ್ ಆಗುತ್ತೆ, ಹೋಗಿ ಬರೋ ಲೆಕ್ಕ ಹಿಡಿದರೆ ಇನ್ನೂ ಜಾಸ್ತಿ. 128ಕ್ಕೆ ಇಳಿಸಿದರೆ 3ರ ಹತ್ತಿರ ಬರುತ್ತೆ. ಇಳಿಸಿದೆ, ನನ್ನ ಬಡ ಲ್ಯಾಪ್‌ಟಾಪು ಚಟಚಟ ಅನ್ನೋಕೆ ಶುರು ಮಾಡ್ತು. ಕೊನೆಗೆ ಹೆಡ್‌ಫೋನೇ ತೆಗೆಸಿದೆ.

"ಇನ್ನು ಆ ಟಿಕ್ ಟಿಕ್ಕು? ಗಡಿಯಾರ ಇಟ್ಕೊಂಡು ಯಾರಾದ್ರೂ ಹಸೆಗೆ ಕರೀತಾರೇನೇ?"

ಅದನ್ನೂ ತೆಗೆದೆ. ಈ ಸಾಫ್ಟ್‌ವೇರ್‌ಗಳಲ್ಲಿ ಹೆಚ್ಚಿನವು ನಿಮಿಷಕ್ಕೆ 120 ಪೆಟ್ಟು ಅಂತ ಗೆರೆ ಎಳೆದುಕೊಂಡೇ ಕೂತಿರ್ತವೆ. ಅಮ್ಮ ಹುಡುಗಿಯ ಹೆಸರು ಬಂದಲ್ಲಿ ಎಳೀತಾಳೆ, ಬೀಗರನ್ನ ಛೇಡಿಸೋ ಕಡೆ ಓಡ್ತಾಳೆ. ಗೆರೆಯನ್ನೇ ಆಫ್ ಮಾಡಿದ ಮೇಲೆ ಹಾಡು ಹರೀತು. ಆಚೆ ಮಳೆ, ಕಪ್ಪೆ. ಎರಡು ರಾತ್ರಿಗೆ ಹದಿನಾಲ್ಕು ಹಾಡು.

ಬೆಂಗಳೂರಿಗೆ ಬಂದು ಮಾಡಿದ ಅಧ್ವಾನ ಕೇಳಿ. ಫ್ಯಾನಿನ ಗುಂಯ್ ತೆಗೆಯೋಕೆ ನಾಯ್ಸ್ ರಿಡಕ್ಷನ್ ಹಾಕಿದೆ. ಒಂದೇ ಸಮ ಇರೋ ಸದ್ದು ಹೋಗುತ್ತೆ, ಮಳೆ ಕಪ್ಪೆ ಹೋಗಲ್ಲ. ಹಟ ಹಿಡಿದು ಜಾಸ್ತಿ ಮಾಡಿದೆ. ಕಪ್ಪೆ ಇತ್ತು, ಅಮ್ಮನ ಉಸಿರು ಹೋಗಿತ್ತು. ಆಮೇಲೆ ಪಿಚ್ ಕರೆಕ್ಷನ್. ಸ್ವರದಿಂದ ಸ್ವರಕ್ಕೆ ಜಾರೋ ಕಡೆಯೆಲ್ಲ ಮೆಟ್ಟಿಲು ಇಳಿದ ಹಾಗಾಯ್ತು. ಫೋನಲ್ಲಿ ಕೇಳಿಸಿದರೆ ಅಮ್ಮ "ಯಾರೇ ಇದು?" ಅಂದಳು. ಪುಣ್ಯಕ್ಕೆ ರೀಪರ್‌ನಲ್ಲಿ ಈ ಎಫೆಕ್ಟ್‌ಗಳೆಲ್ಲ ಮೇಲೆ ಹೊದಿಸಿದ ಹೊದಿಕೆ ಥರ, ಕೆಳಗಿನ ಮೂಲ ಫೈಲು ಹಾಗೇ ಇರುತ್ತೆ. ಎಲ್ಲ ಕಿತ್ತು ಹಾಕಿದೆ. ಈಗ ಇರೋದರಲ್ಲಿ ಕಪ್ಪೆಯೂ ಇದೆ. ನೀವು ಏನೇ ಆರಿಸಿಕೊಳ್ಳಿ, ಮೂಲ ರೆಕಾರ್ಡಿಂಗ್‌ನ ಒಂದು ಪ್ರತಿ ಬೇರೆ ಕಡೆ ಇಡಿ. 48,000ದಲ್ಲಿ, 24 ಬಿಟ್‌ನಲ್ಲಿ ಒಂದು ಮೈಕಿನ ದನಿ ನಿಮಿಷಕ್ಕೆ 9 ಎಂಬಿಯೂ ಆಗಲ್ಲ, ಜಿಪುಣತನ ಬೇಡ.

ಹಾಗಾಗಿ ಯಾವುದು ಬೆಸ್ಟ್ ಅಂತ ನನ್ನ ಕೇಳಬೇಡಿ, ನಿಮ್ಮ ಕೈಯಲ್ಲಿರೋ ಹಾಡು ಯಾವುದು ಅಂತ ನೋಡ್ಕೊಳ್ಳಿ. ಬೀಟ್ ಮಾಡೋರಾದ್ರೆ ಎಫ್‌ಎಲ್ ಟ್ರಯಲ್ ಹಾಕಿ ಒಂದು ವಾರ ಆಡಿ. ಲ್ಯಾಪ್‌ಟಾಪೇ ಇಲ್ವಾ, ಬ್ಯಾಂಡ್‌ಲ್ಯಾಬ್ ಫೋನಲ್ಲೇ ನಡೆಯುತ್ತೆ. ಬರೀ ದನಿ ಹಿಡಿದು ಕತ್ತರಿಸಿ ಅಂಟಿಸೋದಾದ್ರೆ ಅಡಾಸಿಟಿ ಪೂರ್ತಿ ಪುಕ್ಕಟೆ. ನಾನು 60 ದಿನ ಮುಗಿದ ಮೇಲೆ ರೀಪರ್‌ಗೇ 60 ಡಾಲರ್ ಕಟ್ಟಿದೆ, ನಮ್ಮ ಲೆಕ್ಕದಲ್ಲಿ ಐದು ಸಾವಿರದ ಆಸುಪಾಸು. ಕಟ್ಟದಿದ್ದರೂ ಅದು ತೆರೆದುಕೊಳ್ಳುತ್ತೆ, ಪ್ರತಿ ಸಲ ಒಂದು ಕಿಟಕಿ ಬಂದು ನೆನಪಿಸುತ್ತೆ ಅಷ್ಟೆ. ಆ ಮರ್ಯಾದೆಗೇ ಕಟ್ಟಬೇಕು ಅನ್ನಿಸ್ತು.

ಆಪರೇಷನ್ ಆಗಿ ಈಗ ಎರಡೂವರೆ ತಿಂಗಳು. ಗಡ್ಡೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅಮ್ಮ ಮಾತಾಡ್ತಾಳೆ, ಮೆತ್ತಗೆ, ಸಂಜೆ ಹೊತ್ತಿಗೆ ದನಿ ಒಡೆಯುತ್ತೆ. ಮೇಲಿನ ಸ್ವರಕ್ಕೆ ಹೋದರೆ ಬರೀ ಗಾಳಿ. ಹೋದ ಭಾನುವಾರ ಪಕ್ಕ ಕೂತು ಹದಿನಾಲ್ಕೂ ಹಾಡು ಹಾಕಿದೆ. ತೊಡೆ ಮೇಲೆ ತಾಳ ಹಾಕ್ತಾ ಕೇಳ್ತಿದ್ದವಳು ಒಂಬತ್ತನೇ ಹಾಡಿನ ನಡುವೆ ನನ್ನ ಕೈ ಹಿಡಿದಳು.

"ನಿಲ್ಸು. ಗಂಡಿನ ತಾಯಿ ನುಡಿ ಬಿಟ್ಟುಬಿಟ್ಟಿದೀನಿ."

ಪಿಸುಮಾತಲ್ಲಿ ಹೇಳಿದ್ದನ್ನ ಬರ್ಕೊಂಡೆ, ನಾಲ್ಕು ಸಾಲು. ಆಮೇಲೆ ಪ್ರಾಜೆಕ್ಟ್ ತೆರೆದು, ಆ ಜಾಗದಲ್ಲಿ ಹಾಡನ್ನ ಕತ್ತರಿಸಿ ಮುಂದಿನದನ್ನ ಬಲಕ್ಕೆ ಸರಿಸಿದೆ. ಎಷ್ಟು ಜಾಗ ಬಿಡಲಿ ಅಂತ ಕೇಳಿದ್ದಕ್ಕೆ ಅಮ್ಮ ಕಣ್ಣು ಮುಚ್ಚಿ, ಬೆರಳಲ್ಲಿ ಎಣಿಸಿ, ಒಳಗೊಳಗೇ ಹಾಡಿಕೊಂಡಳು. ಇಪ್ಪತ್ತೆರಡು ಸೆಕೆಂಡು.

ಮಾಘಕ್ಕೆ ಇನ್ನೂ ಟೈಮಿದೆ.